ಬತ್ತಿದ ಏರಿಯಲ್ಲಿ ಎರಡು ಸುತ್ತು

ಮೊದಲು ಕಳೆದುಹೋದದ್ದು ಎಡಗಾಲಿನ ಚಪ್ಪಲಿ. ಸಂಜೆ ಡ್ಯೂಟಿ ಮುಗಿಸಿ ಅಂಬತ್ತೂರಿನ ನಮ್ಮ ಕಾರ್ಖಾನೆಯಿಂದ ಬಸ್ ಸ್ಟಾಪಿಗೆ ನಡೆದುಹೋಗುತ್ತಿದ್ದೆ. ಹಿಂದಿನಿಂದ ಒಬ್ಬ ಹೆಂಗಸು "ಸಾರ್, ಚೆರುಪ್ಪು, ಚೆರುಪ್ಪು!" ಎಂದು ತಮಿಳಿನಲ್ಲಿ ಕೂಗಿದಳು. ತಿರುಗಿ ನೋಡಿದರೆ ರಸ್ತೆಯ ಮೇಲೆ, ಇಪ್ಪತ್ತು ಹೆಜ್ಜೆ ಹಿಂದೆ, ನನ್ನ ಚಪ್ಪಲಿ ಒಂಟಿಯಾಗಿ ಕೂತಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದಿದ್ದೆ. ಕಾಲಿಗೆ ಗೊತ್ತೇ ಆಗಿರಲಿಲ್ಲ.

ನನಗಾಗ ನಲವತ್ತನಾಲ್ಕು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಎರಡು ವಾರದ ಹಿಂದೆ ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ, ಅದರ ಸುಸ್ತು ಇರಬೇಕು ಅಂದುಕೊಂಡೆ. ಮರುದಿನ ಟೂಲ್ ರೂಮಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳದಿರಲು ಬೇರೆ ಕಾರಣವಿತ್ತು.

ಬರುವ ಭಾನುವಾರ ನಾನು ಹದಿನೆಂಟು ವರ್ಷದ ಮೇಲೆ ಮಣ್ಣಿನಲ್ಲಿ ಬೈಕ್ ಓಡಿಸುವವನಿದ್ದೆ.

ಮದುವೆಗೆ ಮೊದಲು ನನಗೆ ಆ ಹುಚ್ಚಿತ್ತು. ಗುಡ್ಡ ಕಡಿದು ಮಾಡಿದ ದಿಬ್ಬ, ಕೆಸರು, ತಿರುವು. ಅಂಥ ದಾರಿಯಲ್ಲಿ ಲೈಟು ಮಡ್‌ಗಾರ್ಡುಗಳನ್ನೆಲ್ಲ ಕಿತ್ತುಹಾಕಿದ ಗಾಡಿಗಳನ್ನು ಓಡಿಸುವ ಸ್ಪರ್ಧೆಗಳು. ದೊಡ್ಡದೇನೂ ಗೆದ್ದವನಲ್ಲ. ಒಮ್ಮೆ ಬಿದ್ದು ಕಾಲರ್ ಮೂಳೆ ಮುರಿಯಿತು, ಮತ್ತೆ ಎದ್ದು ಓಡಿಸಿದೆ. ಮದುವೆಯಾದ ಮೇಲೆ ಓಡಿಸುವುದು ನಿಂತಿತು, ಮಗಳು ಹುಟ್ಟಿದ ವರ್ಷ ನಾನೇ ಗಾಡಿ ಮಾರಿದೆ. ಯಾರೂ ಮಾರು ಅಂದಿರಲಿಲ್ಲ. ಆ ದಿನಗಳಲ್ಲಿ ನನ್ನ ಗಾಡಿ ನೋಡಿಕೊಳ್ಳುತ್ತಿದ್ದವನು ಸೆಲ್ವಂ, ತಿರುವೊಟ್ಟಿಯೂರಿನಲ್ಲಿ ಶೆಡ್ ಇಟ್ಟುಕೊಂಡಿದ್ದ ಮೆಕ್ಯಾನಿಕ್. ಅವನ ಸ್ನೇಹ ಮಾತ್ರ ಮಾರಾಟವಾಗದೆ ಉಳಿದುಕೊಂಡಿತ್ತು. ಒಂದು ಶನಿವಾರ ಅವನ ಶೆಡ್ಡಿಗೆ ಹೋದಾಗ ಮೂಲೆಯಲ್ಲಿ ನೂರು ಸಿಸಿಯ ಒಂದು ಹಳೆಯ ಟೂ-ಸ್ಟ್ರೋಕ್ ಅಸ್ಥಿಪಂಜರದ ಹಾಗೆ ನಿಂತಿತ್ತು. ಅದರ ಹ್ಯಾಂಡಲ್ ಹಿಡಿದು ನೋಡಿದೆ. ಬಿಡಲು ಮನಸ್ಸಾಗಲಿಲ್ಲ. "ಎಬ್ಬಿಸೋಣವಾ ಅಣ್ಣಾ?" ಅಂದ ಸೆಲ್ವಂ. ನಾಲ್ಕು ತಿಂಗಳು, ಪ್ರತಿ ಶನಿವಾರ, ಇಬ್ಬರೂ ಅದನ್ನು ಎಬ್ಬಿಸಿದೆವು.

ಹೆಂಡತಿಗೆ ಹೇಳಿರಲಿಲ್ಲ. ಸುಮಿತ್ರಾ ಬೇಡ ಅನ್ನುತ್ತಾಳೆಂಬ ಭಯ ಅಲ್ಲ. ನಗುತ್ತಾಳೆಂಬ ಭಯ.

ಭಾನುವಾರ ಬೆಳಿಗ್ಗೆ ಎದ್ದೆ. ಅಥವಾ ಎದ್ದೆ ಅಂದುಕೊಂಡೆ. ನೋಡಿದರೆ ಕಾಲುಗಳು ಹಾಸಿಗೆಯ ಮೇಲೇ ಇವೆ, ಯಾರದೋ ಎರಡು ಕಾಲು ಮಡಚಿಟ್ಟ ಬೆಡ್‌ಶೀಟಿನ ಹಾಗೆ. ಕಿಟಕಿಯಾಚೆ ಹಾಲಿನವನ ಸೈಕಲ್ ಗಂಟೆ ಕೇಳುತ್ತಿತ್ತು. ಬಿಸಿಲು ಎಂದಿನಂತೆ ಗೋಡೆ ಇಳಿಯುತ್ತಿತ್ತು. ನನಗೆ ಗಾಬರಿಯಾಗಲಿಲ್ಲ, ಅದೇ ವಿಚಿತ್ರ. ಕಾಲುಗಳು ಇನ್ನೂ ನಿದ್ದೆ ಮಾಡುತ್ತಿವೆ, ಏಳಲಿ ಬಿಡು ಅನ್ನಿಸಿತು.

"ಎಂತ, ಏಳ್ಲಿಕ್ಕಿಲ್ವಾ ಇವತ್ತು?" ಸುಮಿತ್ರಾ ಕಾಫಿ ತಂದಳು.

"ಕಾಲು ಬರ್ತಾ ಇಲ್ಲ."

"ಬರ್ತಾ ಇಲ್ಲ ಅಂದ್ರೆ? ಎಲ್ಲಿಗೆ ಹೋಗಿದೆ?" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಲೋಟ ಕೆಳಗಿಡಲು ಜಾಗ ಹುಡುಕಿದಳು, ಸಿಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಹೊರಗೋಡಿ ಪಕ್ಕದ ಮನೆಯವರನ್ನು ಕರೆದಳು.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ್, ನನ್ನಷ್ಟೇ ವಯಸ್ಸಿನ ಹೆಂಗಸು, ಪುಟ್ಟ ಸುತ್ತಿಗೆಯಿಂದ ನನ್ನ ಮೊಣಕಾಲು ತಟ್ಟಿದರು. ಹೊಡೆದರೆ ಕಾಲು ತಾನಾಗಿ ಹಾರಬೇಕು. ಹಾರಲಿಲ್ಲ. ಇನ್ನೊಂದನ್ನು ತಟ್ಟಿದರು. ಅದೂ ಇಲ್ಲ. ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲ ಎಂದು ಖಾತ್ರಿಯಾದವರ ಹಾಗೆ ಸುತ್ತಿಗೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಜಿ.ಬಿ. ಸಿಂಡ್ರೋಮ್ ಇರಬಹುದು, ನರಗಳು ಸೋಲುವ ಕಾಯಿಲೆ. ಕೆಳಗಿನಿಂದ ಮೇಲೆ ಹತ್ತುತ್ತೆ. ಎಲ್ಲಿ ನಿಲ್ಲುತ್ತೆ ಹೇಳಕ್ಕಾಗಲ್ಲ. ಆದರೆ ನಿಲ್ಲುತ್ತೆ. ಬಹಳ ಜನರಲ್ಲಿ ಮತ್ತೆ ಇಳಿಯುತ್ತೆ" ಎಂದರು. ಈ ಕಾಯಿಲೆ ಬಂದವರು ಇದನ್ನು ಓದುತ್ತಿದ್ದರೆ ಡಾಕ್ಟರ ಆ ಕೊನೆಯ ವಾಕ್ಯವನ್ನು ಎರಡು ಸಲ ಓದಿ. ನನಗೆ ಆ ಹೊತ್ತಿಗೆ ಅದು ಕೇಳಿಸಲೇ ಇಲ್ಲ, ಸುಮಿತ್ರಾಗೆ ಕೇಳಿಸಿತ್ತು. ಮುಂದಿನ ಎಷ್ಟೋ ವಾರ ಆ ವಾಕ್ಯವನ್ನು ಇಬ್ಬರ ಪರವಾಗಿಯೂ ಅವಳೇ ಹಿಡಿದುಕೊಂಡಿದ್ದಳು.

ಅದು ಹತ್ತಿತು. ಸೋಮವಾರ ಸೊಂಟ, ಮಂಗಳವಾರ ಕೈಗಳು. ಬುಧವಾರ ನೀರು ನುಂಗಲು ಹೋದರೆ ಮೂಗಿನಲ್ಲಿ ಬಂತು. ಉಸಿರು ಚಿಕ್ಕದಾಗುತ್ತಾ ಆಗುತ್ತಾ, ಒಂದು ವಾಕ್ಯಕ್ಕೆ ಸಾಲದಷ್ಟಾಯಿತು. ಗಂಟಲಿಗೆ ಕೊಳವೆ ಹಾಕುವ ಮೊದಲು ಡಾಕ್ಟರ್ ಬಗ್ಗಿ ಕೇಳಿದರು, "ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಸುಮಿತ್ರಾ ಮತ್ತು ಹದಿನೈದು ವರ್ಷದ ಅಪರ್ಣಾ ಕಾಲ ಬಳಿ ನಿಂತಿದ್ದರು. ಹೇಳಬೇಕಾದ್ದು ಬಹಳ ಇತ್ತು. ನಾನು ಹೇಳಿದ್ದು, "ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೇನೆ."

ಆಮೇಲಿನ ಐದು ವಾರ ನನ್ನ ಬಳಿ ಕ್ರಮವಾಗಿ ಇಲ್ಲ. ಐ.ಸಿ.ಯು.ವಿನ ಆ ಹಾಲ್‌ನಲ್ಲಿ ಹಗಲು ರಾತ್ರಿ ಇರಲಿಲ್ಲ, ಒಂದೇ ಬಗೆಯ ಬಿಳಿ ಬೆಳಕು. ದೇಹ ಕಲ್ಲಾಗಿತ್ತು, ಕಣ್ಣುರೆಪ್ಪೆ ಮಾತ್ರ ನನ್ನದು. ಆದರೆ ಒಳಗಿದ್ದವನು ಒಂದು ಕಡೆ ಕೂರುತ್ತಿರಲಿಲ್ಲ. ಹಸಿರು ಪರದೆ ಅಲುಗಾಡಿದರೆ ಸಾಕು, ನಾನು ಹೊರಟುಬಿಡುತ್ತಿದ್ದೆ. ಕೆಂಪು ಮಣ್ಣಿನ ದೊಡ್ಡ ಬಯಲು, ಕೊನೆಯೇ ಕಾಣದ್ದು. ಗಾಡಿಗೆ ಸದ್ದಿಲ್ಲ. ದಿಬ್ಬ ಹತ್ತಿದರೆ ಚಕ್ರ ನೆಲ ಬಿಡುತ್ತದೆ, ಬಿಟ್ಟದ್ದು ಮತ್ತೆ ಮುಟ್ಟುವುದಿಲ್ಲ. ಬಯಲಿನ ಅಂಚಿನಲ್ಲಿ ಸಮುದ್ರ. ಸಮುದ್ರದ ಮೇಲೂ ಅದೇ ವೇಗದಲ್ಲಿ ಹೋಗುತ್ತಿದ್ದೆ, ಕೆಳಗೆ ಮೀನಿನ ಬಲೆಗಳು ತೆರೆದು ಮುಚ್ಚುತ್ತಿದ್ದವು. ಒಮ್ಮೆ ದಾರಿಯಲ್ಲಿ ತೀರಿಹೋದ ನನ್ನ ಅಪ್ಪ ಸಿಕ್ಕಿದರು. ಗಿಂಡಿ ಸ್ಟೇಷನ್ ಹತ್ತಿರ ಅವರು ನಡೆಸುತ್ತಿದ್ದ ಹೊಟೇಲಿನ ಬಿಳಿ ಪಂಚೆಯಲ್ಲಿ, ಹೆಗಲಿಗೆ ಟವೆಲ್. "ಊಟ ಆಯ್ತಾ?" ಅಂದರು. ನಿಲ್ಲಿಸಲು ನೋಡಿದೆ. ಬ್ರೇಕ್ ಒತ್ತಲು ಕಾಲಿರಲಿಲ್ಲ. ಅವರು ಹಿಂದೆ ಉಳಿದರು. ಈಗ ಯೋಚಿಸಿದರೆ, ಆ ದಿನ ಬ್ರೇಕ್ ಸಿಗದೇ ಇದ್ದದ್ದು ಒಳ್ಳೆಯದೇ ಆಯಿತೇನೋ.

ಹಾಸಿಗೆಯ ಪಕ್ಕದ ಯಂತ್ರವೊಂದು ದಿನ ಬಿಟ್ಟು ದಿನ ನನ್ನ ರಕ್ತವನ್ನು ಹೊರಗೆಳೆದು, ತಿಳಿಗೊಳಿಸಿ, ಮತ್ತೆ ಒಳಗೆ ಬಿಡುತ್ತಿತ್ತು. ಹೊರಗೆ ಹೋಗಿ ಬಂದ ರಕ್ತ ತಣ್ಣಗಿರುತ್ತದೆ. ತೋಳಿನೊಳಗೆ ಒಂದು ತೊರೆ ಏರಿಬರುವುದು ತಿಳಿಯುತ್ತಿತ್ತು. ನರ್ಸೊಬ್ಬಳು ಪ್ರತಿ ಸಲ, ನಾನು ಬಾಯಿಬಿಟ್ಟು ಕೇಳಲಾರೆನೆಂದು ಗೊತ್ತಿದ್ದು, ಇನ್ನೊಂದು ಕಂಬಳಿ ಹೊದಿಸುತ್ತಿದ್ದಳು. ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಗಿನ ಕಥೆ ನನಗೆ ಆಮೇಲೆ ತಿಳಿದದ್ದು. ಕಾಯುವ ಜಾಗದಲ್ಲಿ ಕಬ್ಬಿಣದ ಕುರ್ಚಿಗಳು, ಒಂದೇ ಫ್ಯಾನು. ಅಪ್ಪನ ಹೊಟೇಲನ್ನು ಈಗ ನಡೆಸುವ ನನ್ನ ಭಾವ ದಿನಾ ಬೆಳಿಗ್ಗೆ ದೊಡ್ಡ ಡಬ್ಬಿಯಲ್ಲಿ ಇಡ್ಲಿ, ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಿದ್ದರು. ನನ್ನೊಬ್ಬಳಿಗೆ ಅಷ್ಟು ಯಾಕೆ ಎಂದು ಸುಮಿತ್ರಾ ಕೇಳಿದರೆ, "ಅಲ್ಲಿ ನೀನೊಬ್ಬಳೇ ಕಾಯ್ತಿರೋದಾ?" ಅಂದರಂತೆ. ಪಕ್ಕದ ಹಾಸಿಗೆಯ ರೋಗಿಯ ತಾಯಿ, ಮೀನು ಮಾರುವ ಮುದುಕಿ, ಮಧ್ಯಾಹ್ನ ತನ್ನ ಚಾಪೆಯಲ್ಲಿ ಅರ್ಧ ಸುಮಿತ್ರಾಗೆ ಬಿಡುತ್ತಿದ್ದಳು. ಒಂದು ಬೆಳಿಗ್ಗೆ ಇಡ್ಲಿ ತೆಗೆದುಕೊಂಡು ಹೋದರೆ ಮುದುಕಿಯೂ ಇಲ್ಲ, ಚಾಪೆಯೂ ಇಲ್ಲ. ಮಗ ಮನೆಗೆ ಹೋದನೋ ಇನ್ನೆಲ್ಲಿಗೋ, ಕೇಳಲು ಸುಮಿತ್ರಾಗೆ ಧೈರ್ಯ ಬರಲಿಲ್ಲ.

ಅದೇ ವಾರ ಸೆಲ್ವಂ ಬಂದ. ದೊಡ್ಡ ಮೈಯ ಮನುಷ್ಯ, ಅಂಗೈಯ ಗೆರೆಗಳಲ್ಲೆಲ್ಲ ಗ್ರೀಸು. ಸುಮಿತ್ರಾಳನ್ನು ನೋಡಿದವನೇ ಅಳಲು ಶುರುಮಾಡಿದ. "ವಂಡಿ ರೆಡಿ ಅಣ್ಣಿ. ಅಣ್ಣ ಬಂದರೆ ಒಂದು ಒದೆತಕ್ಕೆ ಸ್ಟಾರ್ಟ್ ಆಗುತ್ತೆ. ಭಾನುವಾರವೇ ಹೋಗಬೇಕಿತ್ತು" ಎಂದು ತಮಿಳಿನಲ್ಲಿ ಬಿಕ್ಕಿದ. ಅಣ್ಣಿ ಅಂದರೆ ಅತ್ತಿಗೆ.

"ಯಾವ ವಂಡಿ?" ಅಂದಳು ಸುಮಿತ್ರಾ.

ಹೀಗೆ ಎಲ್ಲ ಹೊರಬಿತ್ತು. ಅವಳು ಸೆಲ್ವಂಗೆ ಕಾಫಿ ಕೊಟ್ಟು ಕಳಿಸಿದಳು. ಒಳಗೆ ಬಂದು ನನ್ನ ತಲೆಯ ಬಳಿ ನಿಂತಳು. ಆ ಗಳಿಗೆ ನನಗೆ ಸ್ಪಷ್ಟವಾಗಿ ನೆನಪಿದೆ, ಬಿಳಿ ಬೆಳಕಿನಲ್ಲಿ ಒಂದು ಗೆರೆ ಎಳೆದ ಹಾಗೆ.

"ನಾಲ್ಕು ತಿಂಗಳು," ಅಂದಳು. "ಶನಿವಾರ ಓವರ್‌ಟೈಮ್ ಅಂತ ಹೇಳಿ ಹೋದದ್ದು. ನಾನು ಟಿಫಿನ್ ಕಟ್ಟಿ ಕೊಟ್ಟದ್ದು." ನನ್ನ ಕಂಬಳಿಯ ಅಂಚು ಎಳೆದು ಸರಿಮಾಡಿದಳು. "ನಿಮ್ಮ ವಂಡಿ ರೆಡಿ ಆಗಿದೆ ಅಂತೆ ಮಾರಾಯ್ರೆ. ಮೊದಲು ಏಳಿ. ನನಗೆ ಜಗಳ ಮಾಡ್ಲಿಕ್ಕುಂಟು. ಹೀಗೆ ಮಲಗಿದವರ ಹತ್ರ ಹೇಗೆ ಜಗಳ ಮಾಡುದು?"

ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬರಲಿಲ್ಲ. ಸೆರಗಿನ ತುದಿಯಿಂದ ಅವಳೇ ಒರೆಸಿದಳು, ತುಸು ಜೋರಾಗಿಯೇ.

ಮಾತಿನ ದಾರಿ ಕಂಡುಹಿಡಿದವಳೂ ಅವಳೇ. ಅವಳು ಅಕ್ಷರಮಾಲೆ ಹೇಳುತ್ತಾ ಹೋಗುವುದು, ಬೇಕಾದಲ್ಲಿ ನಾನು ಕಣ್ಣು ಮುಚ್ಚುವುದು. ಮೊದಲು ಸಾಲು, ಕ, ಚ, ಟ, ತ, ಪ, ಯ. ಆಮೇಲೆ ಆ ಸಾಲಿನ ಅಕ್ಷರ. ನಾನು ಕಟ್ಟಿದ ಮೊದಲ ಶಬ್ದಕ್ಕೆ ಕಾಲು ಗಂಟೆ ಹಿಡಿಯಿತು. 'ಹಿ' ಬಂದಾಗ ಅವಳು "ಹಿಂದೆ? ಹಿಂಸೆ ಆಗ್ತದಾ?" ಎಂದೆಲ್ಲ ಕೇಳಿದಳು. ಅದು ಹಿಮ್ಮಡಿ. ಹಾಸಿಗೆಗೆ ಒತ್ತಿ ಒತ್ತಿ ಹಿಮ್ಮಡಿ ಉರಿಯುತ್ತಿತ್ತು. ಅವಳು ಕೆಳಗೆ ಮೆತ್ತಗಿನ ಬಟ್ಟೆ ಮಡಚಿಟ್ಟಳು. ಅಷ್ಟು ದೊಡ್ಡ ಸುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಪರ್ಣಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು. ಒಂದು ದಿನ ರಟ್ಟಿನ ಮೇಲೆ ಅಕ್ಷರಗಳನ್ನು ಬರೆದುಕೊಂಡು ಬಂದಳು. ಅಮ್ಮನ ಹತ್ತಿರ ಎರಡು ದಿನ ಕೂತು ಕಲಿತಿದ್ದಳಂತೆ. ಬೆರಳಿಟ್ಟು ಓದತೊಡಗಿದಳು. "ಅಪ್ಪಾ, ಈ ಪ-ನಾ? ಇಲ್ಲ ಆ ಇನ್ನೊಂದು ಪ-ನಾ? ಹೊಟ್ಟೆ ಸೀಳಿದ್ದಾ?" ಅವಳ ತಮಿಳು ಕಿವಿಗೆ ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಒಂದೇ. ನಾನು ಕಣ್ಣು ಮುಚ್ಚಿದೆ, ತೆರೆದೆ, ಮುಚ್ಚಿದೆ. ಅರ್ಧ ಗಂಟೆಯ ಮೇಲೆ ಅವಳು ಜೋಡಿಸಿ ಓದಿದಳು: "ಪ-ರೀ-ಕ್ಷೆ ಯಾ-ವಾ-ಗ." ಓದಿ, ರಟ್ಟಿನ ಹಿಂದೆ ಮುಖ ಮುಚ್ಚಿಕೊಂಡಳು. ಆಮೇಲೆ ಹೇಳಿದಳು, ಕನ್ನಡದಲ್ಲೇ, "ಮುಗೀತು ಅಪ್ಪಾ. ಚೆನ್ನಾಗಿ ಬರೆದಿದ್ದೇನೆ."

ಮೊದಲು ಮರಳಿ ಬಂದದ್ದು ಬಲ ಮಣಿಕಟ್ಟು. ಅದನ್ನು ಕಂಡವಳು ಅಪರ್ಣಾ. ನಾನು ಕಣ್ಣು ಮುಚ್ಚಿ ಎಲ್ಲೋ ಬಯಲಿನಲ್ಲಿದ್ದೆ. "ಅಮ್ಮಾ, ನೋಡು, ಅಪ್ಪನ ಕೈ ತಿರುಗ್ತಿದೆ!" ಕೂದಲೆಳೆಯಷ್ಟು ತಿರುಗುತ್ತಿತ್ತು, ಹಿಂದಕ್ಕೆ, ಮುಂದಕ್ಕೆ. ಸುಮಿತ್ರಾ ಬಗ್ಗಿ ನೋಡಿದಳು. "ಆಕ್ಸಿಲರೇಟರ್ ಕೊಡ್ತಿದ್ದಾರೆ," ಅಂದಳು. ತಿಂಗಳಲ್ಲಿ ಮೊದಲ ಸಲ ನಕ್ಕಳಂತೆ.

ಹತ್ತಿದ್ದಕ್ಕಿಂತ ಎಷ್ಟೋ ನಿಧಾನವಾಗಿ ಅದು ಇಳಿಯಿತು. ಕುತ್ತಿಗೆ, ಭುಜ, ಬೆರಳು. ಗಂಟಲಿನ ತೂತು ಮುಚ್ಚಿದರು. ಮನೆಗೆ ಬಂದಾಗ ನಾನು ನಲವತ್ತೆಂಟು ಕಿಲೋ. ಅನ್ನ ಕಲಸಲು ಎರಡು ತಿಂಗಳು, ಅಂಗಿಯ ಗುಂಡಿಗೆ ನಾಲ್ಕು ತಿಂಗಳು, ಗೋಡೆ ಬಿಟ್ಟು ನಿಲ್ಲಲು ಆರು. ವರ್ಷ ತುಂಬುವಷ್ಟರಲ್ಲಿ ಕೆಲಸಕ್ಕೆ ಹೋದೆ, ಟೂಲ್ ರೂಮಿನಲ್ಲಿ ಕುರ್ಚಿಯ ಮೇಲೆ. ಎಡ ಪಾದ ಮಾತ್ರ ಪೂರ್ತಿ ಬರಲಿಲ್ಲ. ಮುಂಗಾಲು ಮೇಲಕ್ಕೆ ಏಳುವುದಿಲ್ಲ, ನಡೆದರೆ ನೆಲ ಗೀಚುತ್ತದೆ. ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಸಂಜೆಯಾದರೆ ಅಂಗಾಲು ಈಗಲೂ ಉರಿಯುತ್ತದೆ. ಇದು ಹೋಗದು ಎಂದು ಡಾಕ್ಟರ್ ಹೇಳಿದಾಗ ನನಗೆ ಬೇಸರಕ್ಕಿಂತ ಸಮಾಧಾನವೇ ಆಯಿತು. ಎಲ್ಲಿ ನಿಂತಿದೆ ಎಂದು ಗೊತ್ತಾಯಿತಲ್ಲ.

ಜಗಳ ಎರಡು ವರ್ಷ ಮುಂದಕ್ಕೆ ಹೋಗಿತ್ತು. ಒಂದು ಭಾನುವಾರ ಊಟವಾದ ಮೇಲೆ ನಾನೇ ತೆಗೆದೆ. "ಸುಮಿ, ಒಂದು ಸಲ ಓಡಿಸಿ ನೋಡ್ಬೇಕು ಅಂತ ಉಂಟು."

ಅವಳು ತಟ್ಟೆ ಎತ್ತುವುದನ್ನು ನಿಲ್ಲಿಸಿದಳು. "ಚಪ್ಪಲಿ ಹಾಕ್ಲಿಕ್ಕೆ ಬರುದಿಲ್ಲ, ಬೈಕಾ?"

"ಬೀಳುವುದು ಗೊತ್ತು ನನಗೆ. ಎರಡು ವರ್ಷದಿಂದ ಅದೇ ಮಾಡ್ತಿದ್ದೇನೆ."

"ನಾನು ಬೇಡ ಅಂದ್ರೆ?"

"ಹೋಗುದಿಲ್ಲ."

"ಹೇಳದೆ?"

"ಇಲ್ಲ. ಹೇಳದೆ ಹೋಗುದು ಮುಗಿಯಿತು."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎಂಟು ದಿನ ಆ ವಿಷಯ ಎತ್ತಲಿಲ್ಲ. ಒಂಬತ್ತನೆಯ ದಿನ ಸೆಲ್ವಂ ಫೋನ್ ಮಾಡಿದ. "ಅಣ್ಣಿ ಬಂದಿದ್ದರು ಅಣ್ಣಾ, ಒಬ್ಬರೇ. ಬಸ್ಸಲ್ಲಿ. ವಂಡಿ ಎಲ್ಲಿ ಅಂದರು. ಸೀಟಿನ ಮೇಲೆ ಕೈ ಇಟ್ಟು ನೋಡಿದರು. ಬ್ರೇಕ್ ಯಾವುದು ಅಂತ ಕೇಳಿದರು. ತೋರಿಸಿದೆ. 'ಅವರ ಎಡಗಾಲು ಏಳಲ್ಲ, ಗೇರ್ ಹೇಗೆ ಹಾಕ್ತಾರೆ?' ಅಂದರು. ನನಗೆ ಹೊಳೆದೇ ಇರಲಿಲ್ಲ ಅಣ್ಣಾ."

ನನಗೂ ಹೊಳೆದಿರಲಿಲ್ಲ. ಗೇರ್ ಮೇಲಕ್ಕೆ ಹಾಕಬೇಕಾದರೆ ಮುಂಗಾಲನ್ನು ಲಿವರಿನ ಕೆಳಗೆ ತೂರಿಸಿ ಎತ್ತಬೇಕು. ನನ್ನ ಎಡ ಪಾದಕ್ಕೆ ಆಗದ ಕೆಲಸ ಅದೊಂದೇ. ಸೆಲ್ವಂ ಲಿವರಿಗೆ ಹಿಂದುಗಡೆ ಒಂದು ಬಾಲ ಬೆಸೆದ, ಹಿಮ್ಮಡಿಯಿಂದ ಕೆಳಕ್ಕೆ ಒತ್ತಿದರೆ ಗೇರ್ ಮೇಲೇರುವ ಹಾಗೆ. ಮುಂಗಾಲು ಬೇಡ.

ಡಾಕ್ಟರನ್ನೂ ಕೇಳಿದೆವು. ಅವರು ಸುತ್ತಿಗೆ ತೆಗೆದು ಮೊಣಕಾಲು ತಟ್ಟಿದರು. ಬಲಗಾಲು ಹಾರಿತು, ಎಡಗಾಲು ಯೋಚಿಸಿ ಹಾರಿತು. "ನಿಧಾನಕ್ಕೆ ಹೋಗಿ. ಹೆಲ್ಮೆಟ್ ಹಾಕಿ. ಸುಸ್ತಾಗುವ ಮೊದಲೇ ನಿಲ್ಲಿಸಿ" ಎಂದು, ಚೀಟಿಯಲ್ಲಿ ಏನೂ ಬರೆಯದೆ ಕಳಿಸಿದರು.

ಆ ವರ್ಷ ಮಳೆ ಕೈಕೊಟ್ಟಿತ್ತು. ಊರ ಸುತ್ತಲಿನ ಏರಿಗಳೆಲ್ಲ ಬತ್ತಿದ್ದವು. ನಮ್ಮ ಕನ್ನಡದಲ್ಲಿ ಏರಿ ಅಂದರೆ ಕೆರೆಯ ದಂಡೆ, ಇಲ್ಲಿಯವರಿಗೆ ಕೆರೆಯೇ ಏರಿ. ಅಂಬತ್ತೂರು ದಾಟಿ ಹೋದರೆ ಅಂಥದ್ದೊಂದು, ನೀರಿಲ್ಲದ ಮಣ್ಣು, ಮೈಲಿಗಟ್ಟಲೆ ಬಿರುಕು. ನಡುವೆ ಒಂದು ಕಡೆ ಮಾತ್ರ ಕೆಸರು ಉಳಿದು ಎಮ್ಮೆಗಳು ಮಲಗಿದ್ದವು. ಬೆಳಗಿನ ಏಳು ಗಂಟೆಯ ಬಿಸಿಲಿಗೇ ದೂರದ ದಂಡೆ ನೀರಿನಂತೆ ನಡುಗುತ್ತಿತ್ತು. ನಾನು ಇಲ್ಲಿಗೆ ಮೊದಲೇ ಬಂದಿದ್ದೇನೆ ಅನ್ನಿಸಿತು. ಬಂದಿರಲಿಲ್ಲ.

ಸುಮಿತ್ರಾ ದಂಡೆಯ ಮೇಲೆ ಕೊಡೆ ಹಿಡಿದು ನಿಂತಳು. ಅಪರ್ಣಾ ಕಾಲೇಜಿನ ಪುಸ್ತಕ ತಂದಿದ್ದಳು, ತೆರೆಯಲಿಲ್ಲ. ನಾನು ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಸೆಲ್ವಂ ತಂದಿದ್ದ ಉದ್ದನೆಯ ಚರ್ಮದ ಬೂಟು ಹಾಕಿಕೊಂಡೆ. ಅದು ಮೊಣಕಾಲಿನ ತನಕ ಬಿಗಿಯಾಗಿ, ಪಾದವನ್ನು ಜೋಲಲು ಬಿಡದೆ ಹಿಡಿಯಿತು. ಪಟ್ಟಿ ಮಾಡುತ್ತಿದ್ದ ಕೆಲಸವನ್ನೇ ಇನ್ನಷ್ಟು ಚೆನ್ನಾಗಿ. ಕಿಕ್ ಹೊಡೆಯುವಷ್ಟು ಶಕ್ತಿ ನನಗಿರಲಿಲ್ಲ, ಸೆಲ್ವಂ ಒದ್ದ. ಒಂದೇ ಒದೆತ. ನೀಲಿ ಹೊಗೆ, ಎಣ್ಣೆ ಸುಟ್ಟ ವಾಸನೆ. ಹದಿಹರೆಯದ ವಾಸನೆ ಅದು. ಹೊಟ್ಟೆಯೊಳಗೆಲ್ಲ ಹರಡಿತು.

ಕ್ಲಚ್ ಬಿಟ್ಟೆ. ಗಾಡಿ ಹೊರಟಿತು.

ಕನಸಿನ ಬಯಲಿನಲ್ಲಿ ಸದ್ದಿರಲಿಲ್ಲ, ನೋವಿರಲಿಲ್ಲ. ಇಲ್ಲಿ ಎರಡೂ ಇದ್ದವು. ಬಿರುಕುಗಳೆಲ್ಲ ಅಂಗಾಲಿಗೆ ತಾಗುತ್ತಿದ್ದವು, ಒಂದೊಂದೂ. ಅರ್ಧ ಸತ್ತ ಪಾದಕ್ಕೂ ತಾಗುತ್ತಿದ್ದವು. ಹಿಮ್ಮಡಿ ಒತ್ತಿದೆ, ಎರಡನೆಯ ಗೇರ್. ಮತ್ತೆ ಒತ್ತಿದೆ, ಮೂರು. ಕೈ ಜೋಮು ಹಿಡಿಯುತ್ತಿತ್ತು. ಕೊಕ್ಕರೆಗಳ ಒಂದು ಹಿಂಡು ಎದ್ದು ಪಕ್ಕದಲ್ಲೇ ಸ್ವಲ್ಪ ದೂರ ಹಾರಿತು. ಎಲ್ಲವೂ ನಿಧಾನವಾಗಿ, ನೀರಿನೊಳಗೆ ನಡೆಯುವ ಹಾಗೆ ನಡೆಯುತ್ತಿತ್ತು. ಗಂಟೆಗೆ ಮೂವತ್ತು ಕಿಲೋಮೀಟರ್ ಕೂಡ ಇರಲಿಲ್ಲವೆಂದು ಸೆಲ್ವಂ ಆಮೇಲೆ ಹೇಳಿದ. ನನಗೆ ಅದಕ್ಕಿಂತ ವೇಗವಾಗಿ ಹೋದ ನೆನಪು ಜೀವನದಲ್ಲೇ ಇಲ್ಲ.

ಒಂದು ಸುತ್ತು ಮುಗಿಯುತ್ತಾ ಬಂದಾಗ ಎಮ್ಮೆಗಳನ್ನು ತಪ್ಪಿಸಲು ಎಡಕ್ಕೆ ತಿರುಗಿಸಿದೆ. ಎಡಗಾಲು ನೆಲಕ್ಕೆ ಊರಬೇಕಿತ್ತು. ಕಾಲು ತಡಮಾಡಿತು. ಗಾಡಿ ಮೆಲ್ಲಗೆ, ಬಹಳ ಮರ್ಯಾದೆಯಿಂದ, ನನ್ನನ್ನು ಕೆಸರಿನಲ್ಲಿ ಮಲಗಿಸಿತು. ಇಂಜಿನ್ ನಿಂತಿತು. ಎಮ್ಮೆಯೊಂದು ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಆಕಾಶ ಬಿಳಿಯಾಗಿತ್ತು. ಕೆಸರು ಬೆಚ್ಚಗಿತ್ತು.

ಸೆಲ್ವಂ ಓಡಿ ಬರುವುದನ್ನು ಸುಮಿತ್ರಾ ಕೈಯೆತ್ತಿ ನಿಲ್ಲಿಸಿದ್ದು ಕಂಡಿತು. ಅವಳೇ ಬಂದಳು. ಓಡಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿಕೊಂಡು, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತಾ ಬಂದು, ನನ್ನ ಮುಖಕ್ಕೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದು ನಿಂತಳು.

"ಎಲ್ಲಿ ಪೆಟ್ಟಾಯ್ತು?"

"ಎಲ್ಲಿಯೂ ಇಲ್ಲ."

"ಏಳ್ತೀರಾ, ನಾನು ಹಿಡೀಬೇಕಾ?"

"ಸ್ವಲ್ಪ ಇರು."

ಅವಳು ಇದ್ದಳು. ನಾನು ಮೊದಲು ಪಕ್ಕಕ್ಕೆ ಹೊರಳಿದೆ, ಮೊಣಕೈ ಊರಿದೆ, ಬಲಗಾಲು ಎಳೆದುಕೊಂಡೆ, ಅದರ ಮೇಲೆ ಭಾರ ಹಾಕಿದೆ. ಎಡಗಾಲು ತನ್ನ ಹೊತ್ತಿಗೆ ತಾನು ಬಂತು. ಐದು ನಿಮಿಷವಾಗಿರಬಹುದು, ಹತ್ತೂ ಇರಬಹುದು. ಅಷ್ಟೂ ಹೊತ್ತು ಅವಳು ಕೈ ಮುಂದೆ ಮಾಡಲಿಲ್ಲ, ಹಿಂದೆಯೂ ಸರಿಯಲಿಲ್ಲ. ನಾನು ನಿಂತೆ.

ಗಾಡಿಯನ್ನು ಮಾತ್ರ ಇಬ್ಬರೂ ಸೇರಿ ಎತ್ತಿದೆವು. ಅವಳ ಕೈಯೆಲ್ಲ ಕೆಸರು, ಎಣ್ಣೆ. ಅದನ್ನು ಸೆರಗಿಗೆ ಒರೆಸಿಕೊಂಡು ದಂಡೆಯ ಕಡೆ ನೋಡಿದಳು, ಎಮ್ಮೆಗಳ ಕಡೆ ನೋಡಿದಳು.

"ಬಿದ್ದಲ್ಲಿಗೇ ನಿಲ್ಲಿಸುದು ಬೇಡ," ಅಂದಳು. "ಇನ್ನೊಂದು ಸುತ್ತು ಹಾಕಿ ಬನ್ನಿ. ಈ ಸಲ ಎಮ್ಮೆಯ ಬಲಗಡೆಯಿಂದ ಹೋಗಿ."